ಬಲಗಾಲು

ಜಯನಗರ ನಾಲ್ಕನೇ ಬ್ಲಾಕು, ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ
ಎರಡನೇ ಮಹಡಿ. ಮೂವತ್ತೆರಡು ಮೆಟ್ಟಿಲು.
ಎಡಗಾಲು ಮುಂದೆ ಹತ್ತುತ್ತದೆ,
ಬಲಗಾಲು ಹಿಂದೆ, ಕರೆಯದೆ ಬಂದ ನೆಂಟನ ಹಾಗೆ.

ಡಿಪೋ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಹೆಸರಷ್ಟೇ: ಜಸಿಂತಾ.
'ಕರೆಂಟ್ ಕೊಡ್ತಾರಂತೆ' ಅಂತ ನಕ್ಕಿದ್ದ ಕಂಡಕ್ಟರ್ ಸೋಮಲಿಂಗ,
ನಕ್ಕವನೇ ಸ್ಕೂಟರಲ್ಲಿ ತಂದು ಬಿಟ್ಟುಹೋದ.

ಎರಡು ಬೆತ್ತದ ಕುರ್ಚಿ, ಟಕ್ ಟಕ್ ಅನ್ನುವ ಫ್ಯಾನು,
ಇಬ್ಬರಿಗೂ ಕಾಣುವಲ್ಲಿ ಗಡಿಯಾರ.
ಮೊದಲ ವಾರ ನಾನು ಹೇಳಿದ್ದು ಬರೀ ರೂಟು.
ಬನಶಂಕರಿ, ಕತ್ರಿಗುಪ್ಪೆ, ಒಂದೊಂದೇ ಸ್ಟಾಪು.
ಆಕೆ ಅವಸರ ಮಾಡಲಿಲ್ಲ.
ಮುದುಕರು ಇಳಿಯುವ ತನಕ
ಗೇರು ಹಾಕದೆ ಕಾಯುವ ಹಾಗೆ ಕಾದರು.
ಆ ತಿರುವಿಗೆ ಇನ್ನೊಂದೇ ಸ್ಟಾಪು ಇರುವಾಗ
ನನ್ನ ಗಂಟಲು ಆಫಾಯಿತು.
'ಇವತ್ತಿಗೆ ಇಲ್ಲೇ ನಿಲ್ಲಿಸೋಣ ಕೆಂಚಯ್ಯನವರೇ,
ಮುಂದಿನ ಸ್ಟಾಪು ಎಲ್ಲೂ ಓಡಿಹೋಗಲ್ಲ.'

ಮೂರನೇ ವಾರ ಹೇಳಿದೆ.
ಬೆಳಗಿನ ಐದೂ ಮುಕ್ಕಾಲು. ಹೊಸಕೆರೆಹಳ್ಳಿ ತಿರುವು.
ಅರ್ಧ ಕಟ್ಟಿದ ಮನೆಯ ಮುಂದೆ ರಸ್ತೆಗೆ ಸುರಿದ ಎಂ-ಸ್ಯಾಂಡು.
ಹ್ಯಾಂಡಲಿನ ಎರಡೂ ಕಡೆ ಹಾಲಿನ ಪ್ಯಾಕೆಟ್ಟಿನ ಚೀಲ.
ಸೈಕಲ್ಲು ಜಾರಿತು. ಬ್ರೇಕು ಒತ್ತಿದೆ.
ಒತ್ತಿದೆ.
ಒತ್ತಿದೆನಾ?

ನಿನ್ನ ತಪ್ಪಿಲ್ಲ ಅಂತ ಮೂವರು ಆಫೀಸರು ಸಹಿ ಹಾಕಿದ್ದಾರೆ.
ಯೂನಿಯನ್ ಹೇಳಿತು. ಹೆಂಡತಿ ಹೇಳಿದಳು.
ಬನಶಂಕರಮ್ಮನಿಗೆ ಒಂಬತ್ತು ವಾರ
ನಿಂಬೆಹಣ್ಣಿನ ದೀಪ ಹಚ್ಚಿದ ಅತ್ತಿಗೆ, ಅಮ್ಮನ ಪರವಾಗಿ, ಹೇಳಿದಳು.
ಗಾಜಿನ ಹೊರಗೆ ವೈಪರು ಓಡುತ್ತಲೇ ಇತ್ತು;
ಹಬೆ ಕಟ್ಟಿದ್ದು ಒಳಗೆ.

ಜಸಿಂತಾ ಮೇಡಂ ಅದನ್ನು ಹೇಳಲಿಲ್ಲ.
'ಆ ಕಾಲು ಈಗ ಎಲ್ಲಿದೆ?' ಅಂದರು.

ಬಗ್ಗಿ ನೋಡಿದೆ. ಕುರ್ಚಿಯ ಕೆಳಗೆ, ಎಡಗಾಲಿನ ಹಿಂದೆ, ಬೆರಳು ಮುದುರಿ.
ಐದು ತಿಂಗಳಿಂದ ಅದಕ್ಕೆ ಸೋಪಿಲ್ಲ, ಎಣ್ಣೆಯಿಲ್ಲ.
ಮೈಮೇಲಿಂದ ಹರಿದು ಬಂದ ನೀರು ಅದರ ಪುಣ್ಯ.
ರಾತ್ರಿ ರಗ್ಗಿನ ಹೊರಗೆ ತಳ್ಳಿ ಮಲಗುತ್ತೇನೆ.
ಉಗುರು ಬೆಳೆದು ಚಪ್ಪಲಿ ಕೊರೆಯುತ್ತಿದೆ.

ಇದನ್ನೆಲ್ಲ ಹೇಳಿಬಿಟ್ಟೆ, ನಾಚಿಕೆ ಬಿಟ್ಟು.
ಆಕೆ ನಗಲಿಲ್ಲ. ಬರೆದುಕೊಳ್ಳಲೂ ಇಲ್ಲ.
'ಅದಕ್ಕಿಂತ ಮುಂಚೆ ಹತ್ತೊಂಬತ್ತು ವರ್ಷ ಅದೇನು ಮಾಡ್ತಿತ್ತು?'

ಮಾಡ್ತಿತ್ತು. ಚೆಂಡಿನ ಹಿಂದೆ ಬಂದ ಮಕ್ಕಳು,
ಗಣೇಶನ್ನ ಬಿಡಲು ಹೊರಟ ಕುಡುಕರು, ಗಾಂಧಿ ಬಜಾರಿನ ಹಸು,
ಫೋನಿನಲ್ಲಿ ಜಗಳವಾಡುತ್ತಾ ರಸ್ತೆ ದಾಟಿದ ಒಬ್ಬಳು ಹುಡುಗಿ
(ನನಗೇ ಬೈದು ಹೋದಳು).
ಬ್ರೇಕು ಹಿಡಿದ ದಿನಗಳಿಗೆ ಯಾರೂ ವರದಿ ಬರೆಯುವುದಿಲ್ಲ.

'ಹಾಗಾದರೆ ಸರಿಹೋಯ್ತಾ ಮೇಡಂ?'
'ಇಲ್ಲ' ಅಂದರು. 'ಇದು ಕೂಡಿ ಕಳೆಯೋ ಲೆಕ್ಕ ಅಲ್ಲ.
ಆ ಹುಡುಗನಿಗೆ ಅಳೋದು ಬೇರೆ,
ಈ ಕಾಲನ್ನ ಉಪವಾಸ ಕೆಡವೋದು ಬೇರೆ.
ಅವನ ಹೆಸರೇನು?'

ವರದಿಯಲ್ಲಿ ಅವನು ಸೈಕಲ್ ಸವಾರ.
ಲೋಹಿತ, ಅಂದೆ.
ಬಾಯಿಬಿಟ್ಟು, ಮೊದಲನೇ ಸಲ.

ಆಮೇಲೆ ಎಷ್ಟೋ ಹೊತ್ತು ಕೆಳಗಿನ ಅಂಗಡಿಯಲ್ಲಿ
ಯಾರೋ ಕುಕ್ಕರಿನ ಮುಚ್ಚಳ ಹಾಕಿ ನೋಡುತ್ತಿದ್ದರು, ತೆಗೆಯುತ್ತಿದ್ದರು,
ಮತ್ತೆ ಹಾಕುತ್ತಿದ್ದರು.
ಆಕೆ ಟಿಶ್ಯೂ ಡಬ್ಬಿಯನ್ನು ಮೇಜಿನ ಅರ್ಧದವರೆಗೆ ಸರಿಸಿ ಬಿಟ್ಟರು.
ಉಳಿದರ್ಧ ನನ್ನದು.
ಗಡಿಯಾರ ನೋಡಿ, ಇನ್ನೂ ಹತ್ತು ನಿಮಿಷ ಇದೆ, ಅಂದರು.

ಭಾನುವಾರ ಬಿಸಿನೀರಲ್ಲಿ ಕಾಲಿಟ್ಟು ಕೂತೆ.
ಉಗುರು ಕತ್ತರಿಸಿದೆ. ಹಿಮ್ಮಡಿ ಉಜ್ಜಿದರೆ ಕಚಗುಳಿ!
ಪಾದದ ಮೇಲೊಂದು ಮಚ್ಚೆ, ಮರೆತೇ ಹೋಗಿತ್ತು.

ಸ್ಟೀರಿಂಗು ಇನ್ನೂ ಮುಟ್ಟಿಲ್ಲ. ಮುಟ್ಟುತ್ತೇನೋ ಗೊತ್ತಿಲ್ಲ.
ಇವತ್ತು ಪ್ಯಾಸೆಂಜರಾಗಿ ಹತ್ತಿದೆ, ಕಿಟಕಿ ಸೀಟು.
ಆ ತಿರುವು ಬಂತು.
ಬಲಗಾಲು ತಾನಾಗಿಯೇ ತಗಡಿನ ನೆಲವನ್ನು ಒತ್ತಿತು,
ಬ್ರೇಕೇ ಇಲ್ಲದ ಜಾಗದಲ್ಲಿ,
ಪೂರ್ತಿ ಬಲದಿಂದ.

ಬಗ್ಗಿ ಮಂಡಿಯ ಮೇಲೆ ಕೈಯಿಟ್ಟು
ಗೊತ್ತು ಕಣೋ, ಅಂದೆ.
ಪಕ್ಕದ ಸೀಟಿನ ತಾತ ತಿರುಗಿ
'ನಂಗಾ ಹೇಳಿದ್ದು?' ಅಂದ.